ರ್‍ಯಾಮ್: ಎರಡು ಸ್ಟಿಕ್ಕೋ, ನಾಲ್ಕೋ?

ಪ್ರಶ್ನೆ: ರೈಜೆನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. 32 ಜಿಬಿ ರ್‍ಯಾಮ್ ಬೇಕು. ಸ್ಲಾಟ್ ನಾಲ್ಕಿವೆ, 8 ಜಿಬಿಯ ನಾಲ್ಕು ಹಾಕಲೇ? ಹಳೆಯ ಡಿಡಿಆರ್4 ಸ್ಟಿಕ್‌ಗಳೂ ಇವೆ.

ಉತ್ತರ: ಹಳೆಯವನ್ನು ಮರೆತುಬಿಡಿ. ಈ ಬೋರ್ಡಿಗೆ ಅದರ ಮುಂದಿನ ತಲೆಮಾರಿನ ಡಿಡಿಆರ್5 ಮಾತ್ರ. ಡಿಡಿಆರ್4ರ ಕಚ್ಚು ಬೇರೆ ಕಡೆ ಇರುವುದರಿಂದ ಸ್ಲಾಟಿನಲ್ಲಿ ಕೂರುವುದೇ ಇಲ್ಲ.

ನಾಲ್ಕು ಬೇಡ. 16 ಜಿಬಿಯ ಎರಡು ಕೊಳ್ಳಿ, ಅದೂ ಒಂದೇ ಕಿಟ್. ಈ ಪ್ರೊಸೆಸರ್‌ಗೆ ತಯಾರಕ ಕಂಪನಿ ಎಎಂಡಿ ಖಾತರಿ ಕೊಡುವ ವೇಗ ಎರಡು ಸ್ಟಿಕ್ಕಿಗೆ 5200 ಎಂಟಿ/ಸೆ (ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ದತ್ತಾಂಶ ರವಾನೆ), ನಾಲ್ಕಾದರೆ ಬರೀ 3600. 6000 ವೇಗದ, ಸಿಎಲ್30 (ಮೆಮೊರಿ ಉತ್ತರಿಸಲು ಆಗುವ ವಿಳಂಬದ ಅಳತೆ) ಇರುವ, ಎಕ್ಸ್‌ಪೋ (ಖಾತರಿ ಮೀರಿದ ವೇಗಕ್ಕೆ ಎಎಂಡಿಯ ಸಿದ್ಧ ಸೆಟ್ಟಿಂಗ್) ಗುರುತಿನ ಕಿಟ್ ಸಾಕು. 7200ಕ್ಕೆ ದುಡ್ಡು ಸುರಿಯುವುದು ದಂಡ.

ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ. ಕ್ಲಿಪ್ ಟಕ್ ಎನ್ನಬೇಕು. ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು: ಬೋರ್ಡು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಬೇಡಿ. ಆಮೇಲೆ ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ ಸಾಮಾನ್ಯವಾಗಿ 4800ರಲ್ಲೇ ಓಡುತ್ತದೆ. ಎಕ್ಸ್‌ಪೋ ಆನ್ ಮಾಡಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆದರೆ ಬಯೋಸ್ ಅಪ್‌ಡೇಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ವೇಗವನ್ನು 5600ಕ್ಕೆ ಇಳಿಸಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿ ನೋಡಿ. ಆಗಲೂ ದೋಷ ಕಂಡರೆ ವಾರಂಟಿಯಲ್ಲಿ ಇಡೀ ಕಿಟ್ ಬದಲಿಸಿಕೊಳ್ಳಿ.