ಸುಮ್ಮನಿದ್ದಾರೆ ಅಂದ್ರೆ ಬೇಡ ಅಂತಾನಾ?

ಚಿಕ್ಕಬಳ್ಳಾಪುರದ ಕಡೆಯ ಎಂಜಿನಿಯರಿಂಗ್ ಹುಡುಗ, ಮೂರನೇ ವರ್ಷ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದವರು ಅವನ ಅಪ್ಪ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಾರೆ.

"ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಮುಂದೇನೇ ಮೇಡಂ. ಊಟ ಸರಿಯಾಗಿ ಮಾಡಲ್ಲ. ಕೇಳಿದ್ರೆ ಬಿಲ್ಡ್ ಆಗ್ತಾ ಇದೆ ಅಂತಾನೆ. ಏನು, ಮನೆ ಕಟ್ತಾ ಇದ್ದಾನಾ?"

ಪ್ರೀತಿ ಗೀತಿ ಇರಬೇಕು ಅಂದುಕೊಂಡೆ. ಈ ವಯಸ್ಸಲ್ಲಿ ಜಾಸ್ತಿ ಅದೇ ಅಲ್ವಾ? ಅಪ್ಪನನ್ನು ಹೊರಗೆ ಕೂರಿಸಿ ಕೇಳಿದರೆ ಹುಡುಗ ಕಂಪೈಲರ್ ಕಥೆ ಶುರು ಮಾಡಿದ. ಕಂಪೈಲರ್ ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಸಾಫ್ಟ್‌ವೇರ್. ನನಗೆ ಅದರ ಗಂಧಗಾಳಿ ಇಲ್ಲ. ಅವನೇ ಬಿಡಿಸಿ ಹೇಳಿದ.

ಎಲ್‌ಎಲ್‌ವಿಎಂ ಅಂತ ಒಂದು ಯೋಜನೆ. 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ರಸ್ಟ್, ಸ್ವಿಫ್ಟ್ ಭಾಷೆಗಳಲ್ಲಿ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸಲು ಇದನ್ನೇ ಬಳಸುತ್ತಾರೆ. ಸಿ ಮತ್ತು ಸಿ++ಗೆ ಇರುವ ಕ್ಲ್ಯಾಂಗ್ ಕಂಪೈಲರ್ ಇದರದ್ದೇ ಭಾಗ. ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಹೊಸಬರಿಗೆ ಅಂತಲೇ 'ಗುಡ್ ಫಸ್ಟ್ ಇಶ್ಯೂ' ಎಂದು ಗುರುತು ಹಾಕಿದ ಕೆಲಸಗಳೂ ಇವೆ. ಅಂಥದ್ದೊಂದನ್ನು ಇವನು ಹಿಡಿದಿದ್ದ. ಕ್ಲ್ಯಾಂಗ್ ಕೊಡುವ ಒಂದು ಎಚ್ಚರಿಕೆ ಸಂದೇಶ ದಾರಿ ತಪ್ಪಿಸುವ ಹಾಗಿತ್ತಂತೆ, ಅದನ್ನು ಸರಿಮಾಡಬೇಕಿತ್ತು.

ಅವನದು 8 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್. ಇಡೀ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದಕ್ಕೆ ಬಿಲ್ಡ್ ಅನ್ನುತ್ತಾರೆ, ಕೊನೆಗೆ ತುಂಡುಗಳನ್ನೆಲ್ಲ ಜೋಡಿಸುವುದಕ್ಕೆ ಲಿಂಕ್. ಮೂರು ರಾತ್ರಿ ಲಿಂಕ್ ಆಗುವ ಹೊತ್ತಿಗೆ ಸರಿಯಾಗಿ ಹ್ಯಾಂಗ್ ಆಯಿತು. ಕೊನೆಗೆ ಸೀನಿಯರ್ ಒಬ್ಬ ದಾರಿ ಹೇಳಿಕೊಟ್ಟ. ತಪ್ಪು ಹುಡುಕುವ ಮಾಹಿತಿಯನ್ನೂ ಹೊತ್ತ ಡಿಬಗ್ ಬೇಡ, ಹಗುರವಾದ ರಿಲೀಸ್ ಬಿಲ್ಡ್ ಮಾಡು. ಎಲ್ಲಾ ಪ್ರೊಸೆಸರ್‌ಗೂ ಬೇಡ, ಎಕ್ಸ್86 ಒಂದೇ ಸಾಕು. ಲಿಂಕ್ ಒಂದೊಂದೇ ಆಗಲಿ. ಬಿಲ್ಡ್ ಆಯಿತು. ಟೆಸ್ಟ್ ಬರೆದ. ಪುಲ್ ರಿಕ್ವೆಸ್ಟ್ ಹಾಕಿದ, ಅಂದರೆ ನನ್ನ ತಿದ್ದುಪಡಿ ನೋಡಿ ಸೇರಿಸಿಕೊಳ್ಳಿ ಅಂತ ಕೋರಿಕೆ.

ಆಮೇಲೆ 19 ದಿನ ಸದ್ದೇ ಇಲ್ಲ.

"ನನ್ನ ಇಂಗ್ಲಿಷ್ ನೋಡಿ ಬಿಟ್ಟಿರ್ತಾರೆ ಮೇಡಂ. ಅಲ್ಲಿ ಇರೋರೆಲ್ಲ ದೊಡ್ಡ ಕಂಪನಿಯವರು."

ತೋರಿಸು ಎಂದೆ. ಫೋನ್ ತೆಗೆದ. ಅವನು ಬರೆದದ್ದರ ಕೆಳಗೆ ಉದ್ದದ ಒಂದು ಕಾಮೆಂಟ್ ಇತ್ತು. ಹೆಬ್ಬೆರಳಲ್ಲಿ ಸರ್ರನೆ ಮೇಲೆ ತಳ್ಳಿದ.

"ಏನಪ್ಪಾ ಅದು?"

"ಬಾಟ್ ಮೇಡಂ, ತಾನಾಗೇ ಬರೆಯೋ ಪ್ರೋಗ್ರಾಂ. ಹೊಸಬರಿಗೆಲ್ಲ ಅದನ್ನೇ ಹಾಕತ್ತೆ."

ಜೋರಾಗಿ ಓದಿಸಿದೆ. ಒಂದು ವಾರ ಯಾರೂ ಏನೂ ಹೇಳದಿದ್ದರೆ 'ಪಿಂಗ್' ಅಂತ ಬರೆಯಿರಿ, ವಾರಕ್ಕೊಮ್ಮೆ ಹಾಗೆ ನೆನಪಿಸುವುದು ಇಲ್ಲಿಯ ರೂಢಿ ಎಂದು ಸ್ಪಷ್ಟವಾಗಿ ಇತ್ತು. ರಿವ್ಯೂ ಮಾಡುವವರನ್ನು ಸೇರಿಸುವ ಅನುಮತಿ ನಿಮಗೆ ಇಲ್ಲದಿದ್ದರೆ ಅವರ ಹೆಸರು ಹಿಡಿದು ಕಾಮೆಂಟ್‌ನಲ್ಲಿ ಕರೆಯಿರಿ ಎಂದೂ ಇತ್ತು. ಇವನು ಯಾರನ್ನೂ ಕರೆದಿರಲಿಲ್ಲ. 19 ದಿನ ಬಾಗಿಲಲ್ಲಿ ನಿಂತಿದ್ದಾನೆ, ತಟ್ಟಿಲ್ಲ.

ಇದರಲ್ಲಿ ಅವನ ತಪ್ಪು ಕಡಿಮೆ. ನಮ್ಮಲ್ಲಿ ಮೇಷ್ಟ್ರು ನೋಟ್‌ಬುಕ್ ನೋಡಿ ಮಾತಾಡದೆ ಪಕ್ಕಕ್ಕೆ ಇಟ್ಟರೆ ತಪ್ಪಾಗಿದೆ ಅಂತಲೇ ಅರ್ಥ. ದೊಡ್ಡವರನ್ನು ಎರಡನೇ ಸಲ ಕೇಳಿದರೆ 'ತಲೆ ತಿನ್ನಬೇಡ' ಅನ್ನಿಸಿಕೊಳ್ಳಬೇಕು. ಅವನು ಅದೇ ಲೆಕ್ಕ ಅಲ್ಲಿಗೂ ಹಾಕಿದ. ಅಲ್ಲಿ ಬರುವ ಕೋಡ್ ರಾಶಿ ರಾಶಿ, ನೋಡುವವರು ತಮ್ಮ ಕೆಲಸದ ನಡುವೆ ನೋಡುವವರು. ಇದು ಅವರ ಕಣ್ಣಿಗೇ ಬಿದ್ದಿಲ್ಲದಿರಬಹುದು.

ನಾನು ಹೇಳಿದ್ದು ಇಷ್ಟೇ. ಆ ಫೈಲನ್ನು ಇತ್ತೀಚೆಗೆ ಯಾರು ತಿದ್ದಿದ್ದಾರೆ ಅಂತ ಗಿಟ್ ಲಾಗ್‌ನಲ್ಲಿ, ಅಂದರೆ ತಿದ್ದುಪಡಿಗಳ ದಾಖಲೆಯಲ್ಲಿ, ನೋಡು (ಈ ಉಪಾಯ ಅವನದೇ, ನಾನು ಹೂಂ ಅಂದೆ). ಅವರಲ್ಲಿ ಇಬ್ಬರನ್ನು ಕರೆದು ಒಂದು ಸಾಲು ಬರೆ. ಆಮೇಲೆ ಒಂದು ವಾರ ಆ ಪುಟ ತೆರೆಯಬೇಡ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಅಪ್ಪನ ಕೋಣೆಯಲ್ಲಿರಲಿ. ನಿದ್ದೆ, ಊಟ ಎರಡು ವಾರದಲ್ಲಿ ದಾರಿಗೆ ಬರದಿದ್ದರೆ ಮನೋವೈದ್ಯರಿಗೆ ತೋರಿಸಬೇಕು ಅಂತ ಅಪ್ಪನಿಗೂ ಹೇಳಿದೆ.

ಎರಡನೇ ಸಲ ಬಂದಾಗ ಮುಖ ಇನ್ನೂ ಬಾಡಿತ್ತು. ಉತ್ತರ ಬಂದಿತ್ತು, ಏಳು ಕಾಮೆಂಟ್. "ಏಳು ತಪ್ಪು ಮೇಡಂ." ಒಂದೊಂದಾಗಿ ನೋಡಿದೆವು. ನಾಲ್ಕರ ಮುಂದೆ 'ನಿಟ್' ಅಂತ ಇತ್ತು, ಅಂದರೆ ಸಣ್ಣಪುಟ್ಟದ್ದು. ಎರಡು ಬರೀ ಪ್ರಶ್ನೆ. ಉಳಿದ ಒಂದು ಮಾತ್ರ ನಿಜವಾದ ತಿದ್ದುಪಡಿ: ಇದಕ್ಕೆ ಆಗಲೇ ಒಂದು ಫಂಕ್ಷನ್ (ಬರೆದಿಟ್ಟ ಕೋಡ್ ತುಂಡು) ಇದೆ, ಅದನ್ನೇ ಬಳಸು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಒಂದು ಪುಲ್ ರಿಕ್ವೆಸ್ಟ್ ತೆಗೆಸಿ ಕಾಮೆಂಟ್ ಎಣಿಸು ಎಂದೆ. ಹನ್ನೊಂದು! ಹುಡುಗ ಮೊದಲ ಸಲ ನಕ್ಕ.

ಉತ್ತರ ಬರೆದಿಟ್ಟುಕೊಂಡೇ ಬಂದಿದ್ದ. ಹದಿನಾಲ್ಕು ಸಾಲು, ಅದರಲ್ಲಿ ಮೂರು ಕಡೆ ಕ್ಷಮಿಸಿ. ಹೊಡೆದು ಹಾಕುತ್ತಾ ಬಂದೆವು. ಕೊನೆಗೆ ಉಳಿದದ್ದು: "ಥ್ಯಾಂಕ್ಸ್, ಆ ಫಂಕ್ಷನ್ ಇದೆ ಅಂತ ಗೊತ್ತಿರಲಿಲ್ಲ, ಬದಲಿಸಿದ್ದೇನೆ."

ತಿಂಗಳಾದ ಮೇಲೆ ಒಬ್ಬನೇ ಬಂದ. ಕೋಡ್ ಸೇರಿಕೊಂಡಿತ್ತು. ನಿದ್ದೆ ಪರವಾಗಿಲ್ಲ. ಮ್ಯಾಥ್ಸ್ ಒಂದು ಪೇಪರ್ ಬ್ಯಾಕ್ ಉಳಿದಿದೆ, ಅದಕ್ಕೆ ಟೈಮ್‌ಟೇಬಲ್ ಹಾಕಿಕೊಡಿ ಎಂದ.

"ಅಪ್ಪನಿಗೆ ಹೇಳಿದ್ಯೇನೋ?"

"ಹೇಳ್ದೆ ಮೇಡಂ. ಎಷ್ಟು ಕೊಟ್ರು ಅಂದ್ರು."