ಬೆಳೆ ಅಂಕಿ-ಅಂಶ ಎಷ್ಟು ಸರಿ ಅಂತ ನಾವೇ ನೋಡೋದು ಹೇಗೆ?

ಸರ್, ಸರ್ಕಾರದ ಬೆಳೆ ಅಂಕಿ-ಅಂಶ ನಂಬಬಹುದಾ, ಅದನ್ನು ಪರೀಕ್ಷೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. "ನನ್ನ ಹೊಲದಲ್ಲಿ ಇಷ್ಟು ಬಂದಿಲ್ಲ, ಆದ್ದರಿಂದ ಲೆಕ್ಕ ಸುಳ್ಳು" ಎಂದು ಕೆಲವರು ಬರೆದಿದ್ದಾರೆ. ಒಂದು ಹೊಲ ನೋಡಿ ಸರಾಸರಿಯನ್ನು ತಪ್ಪು ಅನ್ನೋಕೆ ಆಗಲ್ಲ.

ಹೀಗೆ ಮಾಡಿ. ಒಂದೇ ಬೆಳೆಯ ಮೊದಲ ಅಂದಾಜು ಮತ್ತು ಕೊನೆಯ ಅಂಕಿಯನ್ನು ಹತ್ತು ವರ್ಷದ್ದು ಪಕ್ಕಪಕ್ಕ ಬರೆದುಕೊಳ್ಳಿ. ಅಂದಾಜು ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ ಆಗಿದ್ದರೆ ಗಾಬರಿ ಬೇಡ. ಮಳೆ, ರೋಗ ಯಾರ ಕೈಯಲ್ಲೂ ಇಲ್ಲ. ಆದರೆ ಪ್ರತಿ ವರ್ಷವೂ ಮೊದಲು ಜಾಸ್ತಿ ಹೇಳಿ ಆಮೇಲೆ ಇಳಿಸುತ್ತಿದ್ದರೆ ವಿಧಾನದಲ್ಲೇ ದೋಷ ಇದೆ. ಅಮೆರಿಕದ ಕೃಷಿ ಅಂಕಿ-ಅಂಶ ಸಂಸ್ಥೆ ಈ ಪಟ್ಟಿಯನ್ನು ತನ್ನ ಬೆಳೆ ವರದಿಯಲ್ಲೇ ಕೊಡುತ್ತದೆ. ಹಿಂದಿನ 20 ವರ್ಷಗಳಲ್ಲಿ ಅಂದಾಜು ಎಷ್ಟು ಸಲ ಮೇಲಿತ್ತು, ಎಷ್ಟು ಸಲ ಕೆಳಗಿತ್ತು ಅಂತ. ಹೀಗೆ ತನ್ನ ತಪ್ಪನ್ನು ತಾನೇ ಮುಂದಿಡುವ ಇಲಾಖೆಯನ್ನು ನಾನು ಜಾಸ್ತಿ ನಂಬುತ್ತೇನೆ.

ಇನ್ನು ಇಳುವರಿ ಅಳೆಯುವ ಬಗೆ. ಬೆಳೆ ಕಟಾವು ಪ್ರಯೋಗದಲ್ಲಿ ಹೊಲದ ಒಂದು ತುಂಡಿಗೆ ಹಗ್ಗ ಹಾಕಿ, ಕೊಯ್ದು, ತೂಕ ಮಾಡುತ್ತಾರೆ. ಹಗ್ಗದ ಮೇಲೇ ನಿಂತ ಗಿಡ ಒಳಗೋ ಹೊರಗೋ? ಕೊಯ್ಯುವವರ ಕೈ ಸಾಮಾನ್ಯವಾಗಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. 5 ಮೀಟರ್ ಚೌಕದಲ್ಲಿ 25 ಚದರ ಮೀಟರ್‌ಗೆ 20 ಮೀಟರ್ ಅಂಚು. 1 ಮೀಟರ್ ಚೌಕದಲ್ಲಿ ಒಂದೇ ಚದರ ಮೀಟರ್‌ಗೆ 4 ಮೀಟರ್ ಅಂಚು, ಅಂದರೆ ಪ್ರತಿ ಚದರ ಮೀಟರ್ ಲೆಕ್ಕದಲ್ಲಿ ಐದು ಪಟ್ಟು. ತುಂಡು ತುಂಬಾ ಚಿಕ್ಕದಾದರೆ ಇಳುವರಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ 1940ರ ದಶಕದಲ್ಲೇ ಭಾರತದಲ್ಲಿ ತೋರಿಸಿದ್ದರು. ಹಾಗಾಗಿ ತುಂಡಿನ ಅಳತೆ ಎಷ್ಟು, ಜಾಗ ಆರಿಸಿದ್ದು ಚೀಟಿ ಎತ್ತಿದ ಹಾಗೆಯೋ ಅಥವಾ ರಸ್ತೆ ಪಕ್ಕದ್ದೋ, ಕಾಳು ಒಣಗಿಸಿ ತೂಗಿದ್ದಾ ಎಂದು ಕೇಳಲೇಬೇಕು.

ವಿಸ್ತೀರ್ಣವೂ ನೋಡಿ. ರೈತರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡರೆ ಸಣ್ಣ ಹಿಡುವಳಿ ಹಿಗ್ಗುತ್ತದೆ, ದೊಡ್ಡದು ಕುಗ್ಗುತ್ತದೆ. ಜಿಪಿಎಸ್ ಅಳತೆಯ ಜೊತೆ ಹೋಲಿಸಿದಾಗ ಇದು ಹಲವು ದೇಶಗಳಲ್ಲಿ ಕಂಡಿದೆ.

ಸಮೀಕ್ಷೆಗೆ ಉತ್ತರ ಕೊಡದ ರೈತರ ವಿಷಯ ಯಾರೂ ಎತ್ತಲಿಲ್ಲ. ಅಮೆರಿಕದ 2022ರ ಕೃಷಿ ಗಣತಿಗೇ ಉತ್ತರ ಬಂದದ್ದು ಸುಮಾರು ಶೇ 61. ಉಳಿದವರ ಬದಲಿಗೆ ಲೆಕ್ಕ ಹೇಗೆ ಹೊಂದಿಸಿದರು ಎಂಬುದನ್ನು ವರದಿ ಬಿಡಿಸಿ ಹೇಳಬೇಕು.

ಇನ್ನೊಂದು ಮಾತು. ದೇಶದ ಅಂಕಿ ಸರಿಯಿದ್ದ ಮಾತ್ರಕ್ಕೆ ತಾಲ್ಲೂಕಿನದ್ದೂ ಸರಿ ಇರಬೇಕಂತಿಲ್ಲ. ಅಲ್ಲಿ ಎಷ್ಟು ಹೊಲಗಳಲ್ಲಿ ಕಟಾವು ಮಾಡಿದರು ಎಂದು ಮೊದಲು ಕೇಳಿ. ಬೆರಳೆಣಿಕೆಯಷ್ಟೇ ಇದ್ದರೆ ಅದರ ಮೇಲೆ ಬೆಳೆ ವಿಮೆಯಂಥ ತೀರ್ಮಾನ ನಿಲ್ಲಿಸೋದು ಸರಿಯಲ್ಲ.