ತೆರೆಯಾಚೆ: ‘ಯೂರೋಪಾ ಯೂರೋಪಾ’ ನೋಡಿದವರ ಪ್ರಶ್ನೆಗಳು

ಅಗ್ನಿಯೆಷ್ಕಾ ಹಾಲೆಂಡ್ ನಿರ್ದೇಶಿಸಿದ 1990ರ ಈ ಚಿತ್ರವನ್ನು ನೋಡಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ನೋಡಿದವರು ಬರೆದಿದ್ದಾರೆ. ಕೆಲವರಿಗೆ ನನ್ನ ಮೇಲೆ ಸಿಟ್ಟೂ ಬಂದಿದೆ. ಬರಲಿ.

ಪ್ರಶ್ನೆ: ಯೆಹೂದಿ ಹುಡುಗ ಹಿಟ್ಲರನ ಯುವದಳದ ಶಾಲೆಯಲ್ಲೇ ಓದಿ ಜೀವ ಉಳಿಸಿಕೊಂಡ ಅನ್ನೋದು ಸಿನಿಮಾದವರ ಕಟ್ಟುಕಥೆ ಅಲ್ವಾ?

ಉತ್ತರ: ಅಲ್ಲ, ಬದುಕಿದ್ದ ಮನುಷ್ಯನ ಕಥೆ. ಸಾಲೊಮನ್ ಪೆರೆಲ್ ಹುಟ್ಟಿದ್ದು 1925ರಲ್ಲಿ, ಜರ್ಮನಿಯ ಪೈನೆ ಊರಲ್ಲಿ. ನಾಜಿಗಳ ಕಾಟ ತಡೆಯಲಾರದೆ ಮನೆಯವರು ಪೋಲೆಂಡಿನ ಲೋಡ್ಜ್ ಸೇರಿದರು. 1939ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ಬಂತು. ಅಪ್ಪ ಅಮ್ಮ ಇವನನ್ನೂ ಅಣ್ಣ ಐಸಾಕ್‌ನನ್ನೂ ಸೋವಿಯತ್ ಹಿಡಿತದ ಕಡೆಗೆ ಸಾಗಹಾಕಿದರು. ಗ್ರೋಡ್ನೋದ ಅನಾಥಾಲಯದಲ್ಲಿದ್ದವನು 1941ರಲ್ಲಿ ಜರ್ಮನರ ಕೈಗೇ ಸಿಕ್ಕಿಬಿದ್ದ. ಗುರುತಿನ ಕಾಗದಗಳನ್ನು ಮಣ್ಣಲ್ಲಿ ಹೂತು, ‘ನಾನು ಜರ್ಮನ್ ಮೂಲದವನು’ ಎಂದ. ಅವರು ನಂಬಿದರು. ಜರ್ಮನ್, ರಷ್ಯನ್ ಎರಡೂ ಬರುತ್ತಿದ್ದರಿಂದ ದುಭಾಷಿ ಮಾಡಿಕೊಂಡರು. ಆಮೇಲೆ ಬ್ರೌನ್‌ಷ್ವೈಗ್‌ನ ಶಾಲೆಗೆ ಕಳಿಸಿದರು. ಯುದ್ಧ ಮುಗಿಯುವವರೆಗೂ ಅವನು ‘ಯುಪ್’ ಎಂಬ ಹೆಸರಿನ ಜರ್ಮನ್ ಹುಡುಗ.

ಚಿತ್ರ ಅಲ್ಲಲ್ಲಿ ಬೇರೆ ದಾರಿ ಹಿಡಿದಿದೆ, ಅದೂ ನಿಜ. ತೆರೆಯ ಮೇಲೆ ಯುದ್ಧದ ಕೊನೆಗೆ ಅವನು ಸಿಗುವುದು ಸೋವಿಯತ್ ಸೈನಿಕರಿಗೆ. ನಿಜದಲ್ಲಿ ಹಿಡಿದವರು ಅಮೆರಿಕನ್ನರು.

ಪ್ರಶ್ನೆ: ಇಷ್ಟು ಘೋರ ವಿಷಯ ಇಟ್ಟುಕೊಂಡು ನಗಿಸೋದು ಸರಿಯಾ?

ಉತ್ತರ: ನೀವು ನಕ್ಕಿದ್ದು ಎಲ್ಲಿ ಅಂತ ನೆನಪು ಮಾಡಿಕೊಳ್ಳಿ. ತರಗತಿಯ ದೃಶ್ಯ ಇರಬೇಕು. ‘ಜನಾಂಗ ವಿಜ್ಞಾನ’ದ ಮೇಷ್ಟ್ರು ಹುಡುಗನನ್ನು ಮುಂದೆ ಕರೆಯುತ್ತಾರೆ. ಎಲ್ಲರೆದುರು ಅವನ ತಲೆ ಅಳೆಯುತ್ತಾರೆ. ಹುಡುಗನ ಮುಖದಲ್ಲಿ ರಕ್ತವೇ ಇಲ್ಲ. ಕೊನೆಗೆ ಮೇಷ್ಟ್ರ ತೀರ್ಪು: ಇವನು ಪೂರ್ವ ಬಾಲ್ಟಿಕ್ ಮೂಲದ ಅಪ್ಪಟ ಆರ್ಯ! ಪೆರೆಲ್ ತಮ್ಮ ನೆನಪುಗಳಲ್ಲೂ ಇದನ್ನು ಹೇಳಿಕೊಂಡಿದ್ದಾರೆ. ಲಕ್ಷಾಂತರ ಜನರನ್ನು ಕೊಂದ ವಿದ್ಯೆಗೆ ಎದುರಿಗೆ ನಿಂತ ಒಬ್ಬ ಯೆಹೂದಿ ಹುಡುಗನ ಗುರುತು ಸಿಗಲಿಲ್ಲ. ಇಲ್ಲಿ ನಗದೆ ಇನ್ನೇನು ಮಾಡೋದು?

ಹಾಲೆಂಡ್ ಅವರಿಗೂ ಇದು ಹೊರಗಿನ ಕಥೆ ಅಲ್ಲ. ಅವರ ಅಪ್ಪ ಯೆಹೂದಿ. ಅಪ್ಪನ ಹೆತ್ತವರು ಸತ್ತಿದ್ದು ಗೆಟ್ಟೋದಲ್ಲಿ, ಅಂದರೆ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ.

ಪ್ರಶ್ನೆ: ತನ್ನವರು ಸಾಯುತ್ತಿದ್ದಾಗ ಸ್ವಸ್ತಿಕದ ಪಟ್ಟಿ ಕಟ್ಟಿಕೊಂಡು ಮೆರೆದವನು ಅವನು. ಅಂಥವನ ಮೇಲೆ ಚಿತ್ರ ತೆಗೆದಿದ್ದೇ ತಪ್ಪು.

ಉತ್ತರ: ಇದು ಪ್ರಶ್ನೆ ಅಲ್ಲ, ಬೈಗುಳ. ಆದ್ರೂ ಹೇಳ್ತೀನಿ. ಸಿಕ್ಕಿಬಿದ್ದಾಗ ಅವನಿಗೆ ಹದಿನಾರು ವರ್ಷ. ಬೀಳ್ಕೊಡುವಾಗ ಅಪ್ಪ ಯೆಹೂದಿಯಾಗೇ ಉಳಿ ಅಂದರು, ಅಮ್ಮ ನೀನು ಬದುಕಬೇಕು ಅಂದರು. ಎರಡನ್ನೂ ಒಟ್ಟಿಗೆ ಮಾಡಲು ಆಗದ ಕಾಲ ಅದು. ಹುಡುಗ ಅಮ್ಮನ ಮಾತು ನಡೆಸಿದ. ಯೆಹೂದಿ ಪದ್ಧತಿಯಂತೆ ಸುನ್ನತಿ ಆದ ಮೈ ಯಾವ ಗಳಿಗೆಯಲ್ಲಾದರೂ ಅವನನ್ನು ಹಿಡಿದುಕೊಡಬಹುದಿತ್ತು. ಗೆಳೆಯರೆಲ್ಲ ಒಟ್ಟಿಗೆ ಸ್ನಾನಕ್ಕೆ ಹೋದರೆ ಇವನು ನೆಪ ಹುಡುಕಬೇಕು. ಮೆರೆಯುವವನ ಪಾಡಾ ಇದು?

ಆದರೆ ನಿಮ್ಮ ಮಾತಲ್ಲಿ ಒಂದು ಪಾಲು ನಿಜ ಇದೆ. ಗುಂಪಿನಲ್ಲಿ ಒಬ್ಬನಾದ ಖುಷಿ ಆ ಹುಡುಗನ ಮುಖದಲ್ಲಿ ಆಗಾಗ ಕಾಣುತ್ತದೆ. ನಟ ಮಾರ್ಕೋ ಹಾಫ್‌ಷ್ನೈಡರ್ ಅದನ್ನು ಮುಚ್ಚಿಟ್ಟಿಲ್ಲ. ಯುಪ್ ತನ್ನೊಳಗಿಂದ ಪೂರ್ತಿ ಹೋಗಲೇ ಇಲ್ಲ ಅಂತ ಪೆರೆಲ್ ಮುಪ್ಪಿನಲ್ಲೂ ಹೇಳುತ್ತಿದ್ದರು. ನನಗೆ ಚಿತ್ರ ಹಿಡಿಸಿದ್ದೇ ಇದಕ್ಕೆ. ಅವನನ್ನು ವೀರ ಮಾಡಿದ್ದರೆ ನೋಡಿ ಮರೆತುಬಿಡುತ್ತಿದ್ದೆ.

ಇನ್ನೊಮ್ಮೆ ನೋಡಿದರೆ ಟ್ರಾಮ್ ದೃಶ್ಯ ಗಮನಿಸಿ. ರಜೆಯಲ್ಲಿ ಯುವದಳದ ಸಮವಸ್ತ್ರ ಹಾಕಿಕೊಂಡು ಲೋಡ್ಜ್‌ಗೆ ಹೋಗುತ್ತಾನೆ. ಗೆಟ್ಟೋ ನಡುವೆ ಹಾಯುವ ಟ್ರಾಮಿನ ಕಿಟಕಿಗಳಿಗೆ ಬಣ್ಣ ಬಳಿದಿದ್ದಾರೆ. ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ಅಪ್ಪ ಅಮ್ಮನನ್ನು ಹುಡುಕುತ್ತಾನೆ. ನಿಜವಾಗಿಯೂ ಪೆರೆಲ್ ಆ ಟ್ರಾಮಿನಲ್ಲಿ ಮತ್ತೆ ಮತ್ತೆ ಓಡಾಡಿದ್ದರು. ಅಪ್ಪ ಅಲ್ಲೇ ಹಸಿವಿನಿಂದ ಸತ್ತರು. ಅಮ್ಮನನ್ನೂ ನಾಜಿಗಳು ಕೊಂದರು.

ಪ್ರಶ್ನೆ: ಕೊನೆಯಲ್ಲಿ ಹಾಡುವ ಹಿರಿಯರು ಯಾರು?

ಉತ್ತರ: ಸ್ವತಃ ಪೆರೆಲ್. 1948ರಲ್ಲಿ ಇಸ್ರೇಲಿಗೆ ಹೋದರು. ಬಹಳ ಕಾಲ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಜರ್ಮನಿಯ ಶಾಲೆಗಳಿಗೇ ಹೋಗಿ ತಮ್ಮ ಕಥೆ ಹೇಳಿದರು. 2023ರಲ್ಲಿ ತೀರಿಕೊಂಡರು.

ಪ್ರಶ್ನೆ: ಆಸ್ಕರ್ ಬಂತಾ?

ಉತ್ತರ: ಇಲ್ಲ. ವಿದೇಶಿ ಚಿತ್ರದ ವಿಭಾಗಕ್ಕೆ ಜರ್ಮನಿಯ ಸಮಿತಿ ಕಳಿಸಲೇ ಇಲ್ಲ. ಜರ್ಮನ್ ನಿರ್ದೇಶಕರಾದ ವಿಮ್ ವೆಂಡರ್ಸ್, ಷ್ಲೋಂಡಾರ್ಫ್‌ ಅಂಥವರು ಪ್ರತಿಭಟಿಸಿ ಪತ್ರ ಬರೆದರು. ಚಿತ್ರಕಥೆಗೆ ನಾಮನಿರ್ದೇಶನ ಸಿಕ್ಕಿತು, ಗೋಲ್ಡನ್ ಗ್ಲೋಬ್ ಬಂತು.

ಪ್ರಶ್ನೆ: ಮಕ್ಕಳಿಗೆ ತೋರಿಸಬಹುದಾ?

ಉತ್ತರ: ಚಿಕ್ಕವರಿಗೆ ಬೇಡ. ಬೆತ್ತಲೆ ದೃಶ್ಯಗಳಿವೆ, ಸಾವುಗಳಿವೆ. ಕಾಲೇಜಿಗೆ ಹೋಗುವವರಿದ್ದರೆ ಧಾರಾಳವಾಗಿ ತೋರಿಸಿ. ಜೊತೆಗೆ ಕೂತುಕೊಳ್ಳಿ, ಮಧ್ಯೆ ಸುಮ್ನೆ ವಿವರಣೆ ಕೊಡಬೇಡಿ.